ಹಳೆಯ ತಾಂತ್ರಿಕ ಪುಸ್ತಕ ಮಾರುವವರು ಆವೃತ್ತಿಯ ಪುಟವನ್ನೂ ತೋರಿಸಲಿ

ಸಂಪಾದಕರಿಗೆ,

ಮಾನ್ಯರೇ,

ಮುದ್ರಣ ನಿಂತುಹೋದ ತಾಂತ್ರಿಕ ಪುಸ್ತಕಗಳನ್ನು ಅಂತರ್ಜಾಲದಲ್ಲಿ ಮಾರುವವರಿಗೂ ಅವನ್ನು ಹುಡುಕಿ ಹೊರಟವರಿಗೂ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ. ಕಾದಂಬರಿಯ ಹಳೆಯ ಪ್ರತಿ ಯಾವ ವರ್ಷದ್ದಾದರೂ ಕಥೆ ಸಾಮಾನ್ಯವಾಗಿ ಒಂದೇ. ತಾಂತ್ರಿಕ ಪುಸ್ತಕದ ಮಾತು ಬೇರೆ. ಮೂರನೆಯ ಆವೃತ್ತಿಯಲ್ಲಿದ್ದ ಅಧ್ಯಾಯವನ್ನು ಐದನೆಯದರಲ್ಲಿ ಕೈಬಿಟ್ಟಿರಬಹುದು, ಮೊದಲ ಮುದ್ರಣದ ಕೋಷ್ಟಕದಲ್ಲಿ ಉಳಿದಿದ್ದ ತಪ್ಪನ್ನು ನಾಲ್ಕನೆಯ ಮುದ್ರಣದಲ್ಲಿ ತಿದ್ದಿರಬಹುದು. ಹೀಗಿದ್ದೂ ಮಾರಾಟದ ತಾಣಗಳಲ್ಲಿ ಹೆಚ್ಚಿನವರು ಕೊಡುವ ವಿವರ ‘ಒಳ್ಳೆಯ ಸ್ಥಿತಿಯಲ್ಲಿದೆ’ ಎಂಬಲ್ಲಿಗೆ ಮುಗಿಯುತ್ತದೆ.

ನನಗಾದ ಅನುಭವವನ್ನೇ ಹೇಳುತ್ತೇನೆ. ಹಳೆಯ ಹಬೆ ಟರ್ಬೈನೊಂದರ ಈಗಿನ ದಕ್ಷತೆಯನ್ನು ಅದರ ಮೂಲ ಖಾತರಿಯ ಅಂಕಿಗಳೊಂದಿಗೆ ಹೋಲಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆ ಅಂಕಿಗಳನ್ನು ಲೆಕ್ಕಹಾಕಿದ್ದು ನೀರು ಮತ್ತು ಹಬೆಯ ಗುಣಗಳನ್ನು ಲೆಕ್ಕಹಾಕುವ 1967ರ ಅಂತರರಾಷ್ಟ್ರೀಯ ಸೂತ್ರಗಳ ಪ್ರಕಾರ. 1997ರಲ್ಲಿ ನೀರು ಮತ್ತು ಹಬೆಯ ಗುಣಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐಎಪಿಡಬ್ಲ್ಯುಎಸ್ ಐಎಫ್-97 ಎಂಬ ಹೊಸ ಸೂತ್ರಗಳನ್ನು ಅಂಗೀಕರಿಸಿತು. ಆ ಬಳಿಕ ಸಿದ್ಧವಾದ, ಹಬೆಯ ಗುಣಗಳ ಕೋಷ್ಟಕಗಳಾದ ಸ್ಟೀಮ್ ಟೇಬಲ್‌ಗಳು ಸಾಮಾನ್ಯವಾಗಿ ಅವನ್ನೇ ಅನುಸರಿಸುತ್ತವೆ. ಎರಡರ ನಡುವಿನ ವ್ಯತ್ಯಾಸ ಸಣ್ಣದೇ, ಆದರೆ ಇಂಥ ಹೋಲಿಕೆಯಲ್ಲಿ ನಾವು ಅಳೆಯಹೊರಟಿರುವುದೂ ಅಷ್ಟೇ ಸಣ್ಣ ವ್ಯತ್ಯಾಸವನ್ನು. ಆದ್ದರಿಂದ ನನಗೆ ಹಳೆಯ ಸ್ಟೀಮ್ ಟೇಬಲ್ ಪುಸ್ತಕವೇ ಬೇಕಿತ್ತು, ಅದರ ಜೊತೆಗಿರುವ, ಹಬೆಯ ಗುಣಗಳನ್ನು ರೇಖೆಗಳಲ್ಲಿ ತೋರಿಸುವ ಮೊಲಿಯರ್ ಚಾರ್ಟ್ ಕೂಡ ಬೇಕಿತ್ತು.

ವಾರಗಟ್ಟಲೆ ಹುಡುಕಿದ ಮೇಲೆ ಒಂದು ಪ್ರತಿ ಸಿಕ್ಕಿತು. ಪೊಟ್ಟಣ ಬಿಚ್ಚಿದಾಗ ಬೈಂಡು ಗಟ್ಟಿಯಾಗಿತ್ತು, ಪುಟಗಳೂ ಶುಚಿಯಾಗಿದ್ದವು. ಹಿಂಬದಿಯ ರಟ್ಟಿನ ಒಳಮೈಗೆ ಅಂಟಿಸಿದ್ದ ಕಾಗದದ ಜೇಬೂ ಹಾಗೆಯೇ ಇತ್ತು. ಎಷ್ಟೋ ವರ್ಷ ಮಡಿಕೆಯ ಹಾಳೆಯೊಂದನ್ನು ಹಿಡಿದಿಟ್ಟಿದ್ದರಿಂದ ಅದರ ಬಾಯಿ ಉಬ್ಬಿಕೊಂಡಿತ್ತು, ಒಳಗೆ ಮಾತ್ರ ಏನೂ ಇರಲಿಲ್ಲ. ಮಾರಿದವರು ಮೋಸ ಮಾಡಿದರೆಂದು ನಾನು ಹೇಳುವುದಿಲ್ಲ. ಅಲ್ಲೊಂದು ಚಾರ್ಟ್ ಇರಬೇಕಿತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಮುಖಪುಟದ ಫೋಟೊ ಜೊತೆಗೆ ಶೀರ್ಷಿಕೆ ಪುಟದ ಹಿಂಬದಿಯ ಫೋಟೊವನ್ನೂ ಹಾಕಿ. ಆವೃತ್ತಿ, ವರ್ಷ, ಪ್ರಕಾಶಕರ ಹೆಸರು ಎಲ್ಲವೂ ಆ ಒಂದೇ ಪುಟದಲ್ಲಿ ಸಿಗುತ್ತವೆ. ಇಂಗ್ಲಿಷ್ ಪುಸ್ತಕಗಳಲ್ಲಿ ಎಷ್ಟೋ ಬಾರಿ ಅಲ್ಲೇ ಕೆಳಗೆ ಅಂಕಿಗಳ ಒಂದು ಸಾಲು ಇರುತ್ತದೆ, ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿಯೇ ಅದು ಎಷ್ಟನೆಯ ಮುದ್ರಣ ಎಂಬುದನ್ನು ಹೇಳುತ್ತದೆ. ಕೊನೆಯ ರಟ್ಟಿನಲ್ಲಿ ಜೇಬಿದ್ದರೆ, ನಡುವೆ ಮಡಿಸಿದ ನಕ್ಷೆಗಳಿದ್ದರೆ, ಅವು ಇವೆಯೋ ಇಲ್ಲವೋ ಎಂದು ಒಂದು ಸಾಲು ಸೇರಿಸಿ.

ಐಎಸ್‌ಬಿಎನ್ (ಪುಸ್ತಕದ ಒಂದೊಂದು ಆವೃತ್ತಿಗೂ ಕೊಡುವ ಗುರುತಿನ ಸಂಖ್ಯೆ) ಇದ್ದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಸಾಲದು. ಆ ಸಂಖ್ಯೆ ಅಂತರರಾಷ್ಟ್ರೀಯ ಮಾನಕವಾಗಿದ್ದು 1970ರಲ್ಲಿ. ಅದಕ್ಕೆ ತುಸು ಮೊದಲು ಬ್ರಿಟನ್ನಿನಲ್ಲಿ ಒಂಬತ್ತು ಅಂಕಿಯ ಸಂಖ್ಯೆಯೊಂದು ಬಳಕೆಯಲ್ಲಿದ್ದುದನ್ನು ಬಿಟ್ಟರೆ, ಹಿಂದಿನ ಪುಸ್ತಕಗಳಿಗೆ ಇಂಥ ಸಂಖ್ಯೆಯೇ ಇಲ್ಲ. ಸಂಖ್ಯೆ ಕೇಳುವ ತಾಣಗಳಲ್ಲಿ ಮಾರುವವರು ಬೇರೆ ದಾರಿ ಕಾಣದೆ ಅದೇ ಹೆಸರಿನ ಮುಂದಿನ ಆವೃತ್ತಿಯ ಸಂಖ್ಯೆಯನ್ನು ಹಾಕಿಬಿಡುತ್ತಾರೆ. ಇನ್ನು ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯ ಸಂಖ್ಯೆಯೇ ಮುಂದುವರಿಯುವುದರಿಂದ ಅದು ಎಷ್ಟನೆಯ ಮುದ್ರಣವೆಂದು ಸಂಖ್ಯೆಯಿಂದ ತಿಳಿಯುವುದಿಲ್ಲ. ಹುಡುಕುವವರಿಗೂ ಇಲ್ಲೊಂದು ಸೂಚನೆ: 2007ರಿಂದ ಸಂಖ್ಯೆ ಹದಿಮೂರು ಅಂಕಿಗಳದ್ದಾಗಿದೆ, ಆದರೆ ಹಳೆಯ ಹತ್ತಂಕಿಯ ಆರಂಭದಲ್ಲಿ 978 ಸೇರಿಸಿದರಷ್ಟೇ ಆಗುವುದಿಲ್ಲ. ಕೊನೆಯಲ್ಲಿರುವ, ಸಂಖ್ಯೆ ಸರಿಯಿದೆಯೇ ಎಂದು ತಾಳೆ ನೋಡುವ ಅಂಕಿಯನ್ನು ಬೇರೊಂದು ಲೆಕ್ಕದಿಂದ ಹೊಸದಾಗಿ ಕಂಡುಕೊಳ್ಳಬೇಕು.

ಸಂಖ್ಯೆಯಿಲ್ಲದ ಪುಸ್ತಕವನ್ನು ಲೇಖಕರ ಹೆಸರು, ವರ್ಷ ಮತ್ತು ಪ್ರಕಾಶಕರನ್ನು ಕೊಟ್ಟೇ ಹುಡುಕಬೇಕು. ಬುಕ್‌ಫೈಂಡರ್ ಮತ್ತು ವಯಾಲಿಬ್ರಿ ತಾಣಗಳು ಹಲವು ಮಾರಾಟಗಾರರ ಪಟ್ಟಿಗಳನ್ನು ಒಟ್ಟಿಗೆ ಜಾಲಾಡುತ್ತವೆ. ಏಬ್‌ಬುಕ್ಸ್‌ನಲ್ಲಿ ಬೇಕಾದ ಪುಸ್ತಕದ ವಿವರ ಬರೆದಿಟ್ಟರೆ ಪ್ರತಿ ಬಂದಾಗ ಮಿಂಚಂಚೆ ಬರುತ್ತದೆ; ತಾಳ್ಮೆಯಿರುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಕೊಳ್ಳುವ ಮೊದಲು, ಗ್ರಂಥಾಲಯಗಳ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟಿರುವ ಹಾತಿಟ್ರಸ್ಟ್ ತಾಣದಲ್ಲಿ ಹುಡುಕಿ ನೋಡುವುದೂ ಒಳ್ಳೆಯದು. ಹಕ್ಕುಸ್ವಾಮ್ಯದ ಕಾರಣದಿಂದ ಪುಸ್ತಕವನ್ನು ತೆರೆದು ಓದಲಾಗದಿದ್ದರೂ, ನಾವು ಕೇಳಿದ ಪದ ಯಾವ ಯಾವ ಪುಟದಲ್ಲಿದೆ ಎಂಬುದನ್ನು ಅದು ಬಹಳಷ್ಟು ಪುಸ್ತಕಗಳ ವಿಷಯದಲ್ಲಿ ತಿಳಿಸುತ್ತದೆ. ನಮಗೆ ಬೇಕಾದ ಅಧ್ಯಾಯ ಆ ಆವೃತ್ತಿಯಲ್ಲಿದೆಯೇ ಎಂದು ಊಹಿಸಲು ಅಷ್ಟು ಸಾಕಾಗುತ್ತದೆ.

ಬೆಲೆ ಕಂಡು ಎದೆಗುಂದಬೇಕಿಲ್ಲ. ಎಷ್ಟೋ ಬೆಲೆಗಳನ್ನು ಮನುಷ್ಯರು ನಿಗದಿ ಮಾಡಿರುವುದೇ ಇಲ್ಲ. 2011ರಲ್ಲಿ ಅಮೆಜಾನ್ ತಾಣದಲ್ಲಿ, 1992ರಲ್ಲಿ ಬಂದು ಮುದ್ರಣ ನಿಂತಿದ್ದ ‘ದಿ ಮೇಕಿಂಗ್ ಆಫ್ ಎ ಫ್ಲೈ’ ಎಂಬ ಜೀವವಿಜ್ಞಾನದ ಪುಸ್ತಕದ ಬೆಲೆ 2 ಕೋಟಿ 30 ಲಕ್ಷ ಡಾಲರ್ ದಾಟಿತ್ತು. ಒಬ್ಬ ಮಾರಾಟಗಾರನ ತಂತ್ರಾಂಶ ತನ್ನ ಬೆಲೆಯನ್ನು ಎದುರಾಳಿಯ ಬೆಲೆಯ 0.9983ರಷ್ಟಕ್ಕೆ ಇಡುತ್ತಿತ್ತು, ಇನ್ನೊಬ್ಬನದು 1.27059ರಷ್ಟಕ್ಕೆ. ಎರಡನ್ನೂ ಗುಣಿಸಿದರೆ ಒಂದಕ್ಕಿಂತ ಹೆಚ್ಚಾಗುವುದರಿಂದ ಪ್ರತಿ ಸುತ್ತಿಗೂ ಬೆಲೆ ಏರುತ್ತಲೇ ಹೋಯಿತು. ಆದ್ದರಿಂದ ಪುಸ್ತಕ ಕೈಯಲ್ಲಿರುವ ಮಾರಾಟಗಾರರಿಗೆ ನೇರವಾಗಿ ಬರೆದು ಬೆಲೆ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಸ್ಕ್ಯಾನ್ ಮಾಡಿದ ಪ್ರತಿ ಇರುವಾಗ ಕಾಗದದ ಪುಸ್ತಕ ಯಾಕೆ ಎಂದು ಕೇಳುವವರಿದ್ದಾರೆ. ಹಳೆಯ ಕಂಪ್ಯೂಟರುಗಳ ಕೈಪಿಡಿಗಳನ್ನು ಬಿಟ್‌ಸೇವರ್ಸ್ ತಾಣ ಕಾಪಾಡಿಟ್ಟಿರುವುದು ದೊಡ್ಡ ಉಪಕಾರ, ಸ್ಕ್ಯಾನ್ ಮಾಡಿದ ಪುಸ್ತಕಗಳನ್ನು ಅಂತರ್ಜಾಲದಲ್ಲೇ ಎರವಲು ಕೊಡುವ ಇಂಟರ್ನೆಟ್ ಆರ್ಕೈವ್‌ನಿಂದ ನಾನೂ ಬಹಳ ಪ್ರಯೋಜನ ಪಡೆದಿದ್ದೇನೆ. ಆದರೆ ಪ್ರಕಾಶಕರು 2020ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಆರ್ಕೈವ್ ಸೋತು, ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳನ್ನು ಎರವಲಿನ ಪಟ್ಟಿಯಿಂದ ತೆಗೆಯಬೇಕಾಯಿತು. ಇಂದು ತೆರೆದು ಓದಿದ್ದು ನಾಳೆಯೂ ತೆರೆಯುತ್ತದೆಂಬ ಭರವಸೆ ಇಲ್ಲ. ಜೊತೆಗೆ, ಅವಸರದಲ್ಲಿ ಸ್ಕ್ಯಾನ್ ಮಾಡಿದ ಎಷ್ಟೋ ಪುಸ್ತಕಗಳಲ್ಲಿ ಮಡಿಸಿದ ನಕ್ಷೆಗಳನ್ನು ಬಿಡಿಸಿಯೇ ಇರುವುದಿಲ್ಲ. ಅಂಥ ಕಡತವನ್ನೇ ಅಚ್ಚು ಹಾಕಿ ಹೊಸ ರಟ್ಟಿನಲ್ಲಿ ಮಾರುವವರೂ ಇರುವುದರಿಂದ, ಬೇಡಿಕೆ ಬಂದಾಗ ಮುದ್ರಿಸುವ ಪ್ರತಿಗಳನ್ನು ಕೊಳ್ಳುವಾಗ ಎಚ್ಚರ ಬೇಕು.

ಗ್ರಂಥಾಲಯಗಳಲ್ಲೂ ಒಂದು ವಿನಂತಿ. ಜಾಗವಿಲ್ಲವೆಂದು ಹಳೆಯ ಕೈಪಿಡಿಗಳನ್ನು ರದ್ದಿಗೆ ಹಾಕುವ ಮುನ್ನ, ಜಗತ್ತಿನ ಹಲವು ಗ್ರಂಥಾಲಯಗಳ ಪುಸ್ತಕಗಳನ್ನು ಪಟ್ಟಿ ಮಾಡುವ ವರ್ಲ್ಡ್‌ಕ್ಯಾಟ್ ಸೂಚಿಯಲ್ಲಿ ಆ ಪುಸ್ತಕ ಬೇರೆ ಎಷ್ಟು ಕಡೆ ಇದೆಯೆಂದು ನೋಡಿ, ವಿರಳವಾಗಿದ್ದರೆ ಬೇಕಾದವರು ಕೇಳಿ ಪಡೆಯುವಂತೆ ಪಟ್ಟಿಯೊಂದನ್ನು ಪ್ರಕಟಿಸಲಿ.

ಎರಡನೆಯ ಬಾರಿ ಹುಡುಕುವಾಗ ನಾನು ಹಣ ಕಳಿಸುವ ಮೊದಲೇ ನಾಲ್ವರು ಮಾರಾಟಗಾರರಿಗೆ ಬರೆದು, ಹಿಂಬದಿಯ ಜೇಬಿನಲ್ಲಿ ಚಾರ್ಟ್ ಇದೆಯೇ ಎಂದು ಕೇಳಿದೆ. ಇಬ್ಬರು ಉತ್ತರಿಸಲಿಲ್ಲ, ಒಬ್ಬರು ಇಲ್ಲವೆಂದರು. ನಾಲ್ಕನೆಯವರು ಅದನ್ನು ಹೊರತೆಗೆದು, ಮೇಜಿನ ಮೇಲೆ ಬಿಡಿಸಿ ಹರಡಿ, ಮಡಿಕೆಯಲ್ಲಿ ತುಸು ಹರಿದಿದೆ ಎಂದು ಬೆರಳಿಟ್ಟು ತೋರಿಸಿದ ಫೋಟೊ ಕಳಿಸಿದರು. ಉಳಿದವರಿಗಿಂತ ಅವರ ಬೆಲೆ ಹೆಚ್ಚಿತ್ತು, ಆದರೂ ನಾನು ಅವರಿಂದಲೇ ಕೊಂಡೆ.

ಇಂತಿ,
ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್