ಗಣಿತ ಪ್ರಶ್ನೆಪತ್ರಿಕೆ: ಚಿಹ್ನೆ ಟೈಪ್ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯ ಗಣಿತ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿರುವ ಮೇಷ್ಟ್ರುಗಳು, ಮೇಡಂಗಳು ದಯವಿಟ್ಟು ಗಮನಿಸಿ. ನಿನ್ನೆ ಬಂದ ಒಂದು ಫೈಲ್‌ನಲ್ಲಿ θ (ಥೀಟಾ) ಇರಬೇಕಾದ ಕಡೆಯೆಲ್ಲ ಸೊನ್ನೆ ಇತ್ತು. ಸೈನ್ ಸೊನ್ನೆ ಅಂತ ಓದಿಕೊಂಡರೆ ಮಕ್ಕಳ ಉತ್ತರವೇ ಬದಲಾಗುತ್ತದೆ, ಅಲ್ವಾ?

ವರ್ಡ್‌ನಲ್ಲಿ ಮೊದಲು ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ. ಆಲ್ಟ್ ಜೊತೆ = ಒತ್ತಿದರೆ ಸಮೀಕರಣದ ಚೌಕ ತೆರೆಯುತ್ತದೆ. ಬ್ಯಾಕ್‌ಸ್ಲ್ಯಾಶ್ ಹಾಕಿ, ಥೀಟಾ ಅಂತ ಇಂಗ್ಲಿಷಿನಲ್ಲಿ ಬರೆದು ಸ್ಪೇಸ್ ಕೊಡಿ. θ ಬರುತ್ತದೆ. ಪೈ, ಆಲ್ಫಾಗೂ ಇದೇ ದಾರಿ. ಹೆಸರು ಗೊತ್ತಿಲ್ಲದಿದ್ದರೆ ಮೇಲಿನ ಚಿಹ್ನೆಗಳ ಪಟ್ಟಿಯಲ್ಲಿ ಅದರ ಮೇಲೆ ಮೌಸ್ ಇಡಿ, ಹೆಸರು ಕಾಣುತ್ತದೆ. ಸಾಲಿನ ಮಧ್ಯೆ ಕೋನದ ಚಿಹ್ನೆ ∠ ಒಂದೇ ಬೇಕಿದ್ದರೆ 2220 ಬರೆದು ಆಲ್ಟ್ ಜೊತೆ ಎಕ್ಸ್ ಒತ್ತಿ.

ಶನಿವಾರ ಸಂಜೆಯೊಳಗೆ ತಿದ್ದಿದ ಫೈಲ್ ಕಳಿಸಿ. ತೊಡಕಾದರೆ ಸ್ಕ್ರೀನ್ ಫೋಟೋ ಇಲ್ಲೇ ಹಾಕಿ, ಸೇರಿ ನೋಡೋಣ. ಓದಿದವರು ‘ಸರಿ’ ಅಂತ ಉತ್ತರಿಸಿ.