ಬೆಳ್ಳಿ ಬಿಲ್ಲೆಯ ಹರಾಜು: ತೂಕ ಬರೆದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಬೆಳ್ಳಿ ಬೆಲೆ ಏರಿದ ಮೇಲೆ ಹಳೆ ಬಿಲ್ಲೆಗಳ ಹರಾಜಿನ ಜಾಹೀರಾತು ಜಾಸ್ತಿ ಕಾಣುತ್ತಿವೆ. ನಾನು 31 ವರ್ಷ ಸಹಕಾರಿ ಬ್ಯಾಂಕೊಂದರಲ್ಲಿ ಚಿನ್ನ ಪರೀಕ್ಷಕನಾಗಿದ್ದವನು. ನಮ್ಮಪ್ಪ ಅಕ್ಕಸಾಲಿ. ಹೋದ ತಿಂಗಳು ನಮ್ಮ ಮನೆಯಲ್ಲೇ ಒಂದು ನಷ್ಟ ಆಯಿತು. ಅದಕ್ಕೇ ಈ ಪತ್ರ.

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಹರಾಜಿನಲ್ಲಿ ಮೊಬೈಲಿನಲ್ಲೇ ಸವಾಲು ಕೂಗಿ ಒಂದು ಬೆಳ್ಳಿ ಬಿಲ್ಲೆ ಕೊಂಡ. ಕ್ಯಾಟಲಾಗಿನಲ್ಲಿ 'ಹಳೆಯ ಬೊಂಬಾಯಿ ಬೆಳ್ಳಿ ನಾಣ್ಯ, ಒಂದು ತೊಲ' ಅಂತ ಇತ್ತು. ಮೊದಲನೆಯದಾಗಿ ಅದು ನಾಣ್ಯವೇ ಅಲ್ಲ. ನಾಣ್ಯ ಅಂದರೆ ಸರ್ಕಾರದ ಟಂಕಸಾಲೆಯಿಂದ ಬಂದದ್ದು. ಇವು ಬೊಂಬಾಯಿಯ ಬೆಳ್ಳಿ ವ್ಯಾಪಾರಿಗಳು ತಮ್ಮ ಅಂಗಡಿ ಹೆಸರು ಅಚ್ಚೊತ್ತಿ ಮಾರುತ್ತಿದ್ದ ಬಿಲ್ಲೆಗಳು. ಕೆಲವು ದುಂಡಗೆ, ಕೆಲವು ಹೂವಿನ ಎಸಳಿನ ಹಾಗೆ ಅಂಚು ಕೊರೆದವು. ಆ ಹೆಸರೇ ಆಗ ಗ್ಯಾರಂಟಿ. ಈಗ ಆ ಹೆಸರನ್ನು ಯಾರು ಬೇಕಾದರೂ ಅಚ್ಚೊತ್ತಬಹುದು, ಕೇಳುವವರು ಯಾರು?

ಹುಡುಗ ಖುಷಿಯಿಂದ ತಂದು ತೋರಿಸಿದ. ತೂಗಿದೆ. 11.62 ಗ್ರಾಂ. ತೊಲ ಅಂದರೆ 11.66 ಗ್ರಾಂ, ಸವೆದ ಬಿಲ್ಲೆಗೆ ಅಷ್ಟು ವ್ಯತ್ಯಾಸ ಸಹಜ. ಒರೆಗಲ್ಲಿಗೆ ಉಜ್ಜಿದೆ, ಗೆರೆ ಬೆಳ್ಳಿಯದೇ. ಆದರೂ ಕೈಗೆ ಏನೋ ಸರಿ ಬರಲಿಲ್ಲ. ಅಪ್ಪ ಬಿಟ್ಟುಹೋದ ಒಂದು ತೊಲದ ಬಿಲ್ಲೆ ನನ್ನ ಹತ್ತಿರ ಇದೆ, ಇದೇ ಥರದ್ದು, ಇಷ್ಟೇ ಅಗಲದ್ದು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮೇಲೆ ಒಂದು ಸ್ಕೇಲ್ ಅಡ್ಡ ಇಟ್ಟೆ. ಸ್ಕೇಲ್ ವಾಲಿತು. ಹೊಸದಾಗಿ ಬಂದದ್ದು ದಪ್ಪ.

ಆಮೇಲೆ ನೀರಿನ ಪರೀಕ್ಷೆ ಮಾಡಿದೆ. ಇದನ್ನು ಯಾರಾದರೂ ಮನೆಯಲ್ಲೇ ಮಾಡಬಹುದು. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರು ಇಟ್ಟು ಸೊನ್ನೆ ಮಾಡಿಕೊಳ್ಳಿ. ಬಿಲ್ಲೆಯನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ, ತಳಕ್ಕೆ ತಾಗಬಾರದು. ಆಗ ತಕ್ಕಡಿ ಎಷ್ಟು ತೋರಿಸುತ್ತದೋ ಅದರಿಂದ ಬಿಲ್ಲೆಯ ತೂಕವನ್ನು ಭಾಗಿಸಿ. ಅಪ್ಪನ ಬಿಲ್ಲೆ 11.64 ಗ್ರಾಂ, ನೀರಿನಲ್ಲಿ ತೋರಿಸಿದ್ದು 1.11. ಲೆಕ್ಕ 10.5ಕ್ಕೆ ಬಂತು, ಅಚ್ಚ ಬೆಳ್ಳಿಗೆ ಬರಬೇಕಾದದ್ದೇ ಅಷ್ಟು. ಹುಡುಗನದ್ದು 1.34 ತೋರಿಸಿತು. ಲೆಕ್ಕ 8.7. ಒಳಗಿರುವುದು ಜರ್ಮನ್ ಸಿಲ್ವರ್ ಇರಬೇಕು, ಅಂದರೆ ಬೆಳ್ಳಿಯೇ ಇಲ್ಲದ ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಮೇಲೆ ಬೆಳ್ಳಿ ಲೇಪ. ಹಗುರ ಲೋಹದಲ್ಲಿ ತೊಲ ತೂಕ ತುಂಬಿಸಲು ದಪ್ಪ ಮಾಡದೆ ಬೇರೆ ದಾರಿ ಇರಲಿಲ್ಲ.

ಒರೆಗಲ್ಲಿಗೆ ಮೈ ಗೊತ್ತಾಗುತ್ತದೆ, ಹೊಟ್ಟೆ ಗೊತ್ತಾಗುವುದಿಲ್ಲ. ಎಕ್ಸ್‌ರೇ ಬಿಟ್ಟು ಲೋಹ ಯಾವುದು ಅಂತ ಹೇಳುವ ಈಗಿನ ಎಕ್ಸ್‌ಆರ್‌ಎಫ್ ಯಂತ್ರವೂ ನೋಡುವುದು ಮೇಲಿನ ತೆಳು ಪದರವನ್ನೇ.

ಹರಾಜಿನವರಿಗೆ ಫೋನ್ ಮಾಡಿದರೆ 'ಇದ್ದದ್ದು ಇದ್ದ ಹಾಗೆ ಅಂತ ಷರತ್ತಿನಲ್ಲಿ ಬರೆದಿದೆ ಅಲ್ವಾ' ಅಂದರು. ಹುಡುಗ ಕಮಿಷನ್ನು, ಅದರ ಮೇಲೆ ಜಿಎಸ್‌ಟಿ ಎಲ್ಲ ಕಟ್ಟಿದ್ದ. ಅವನ ಮೊದಲ ಸಂಬಳದ ದುಡ್ಡು ಅದು. ನನಗೆ ಹೊಟ್ಟೆ ಉರಿಯಿತು.

ಚಿನ್ನದ ಬಿಸ್ಕತ್ತು, ಬಿಲ್ಲೆಗಳ ವಿಷಯ ಇನ್ನೂ ಕಷ್ಟ. ಟಂಗ್‌ಸ್ಟನ್ ಚಿನ್ನದಷ್ಟೇ ಭಾರದ ಲೋಹ, ಎರಡಕ್ಕೂ ನೀರಿನ ಲೆಕ್ಕ 19.3ರ ಹತ್ತಿರವೇ. ಅದನ್ನು ಒಳಗಿಟ್ಟು ಮೇಲೆ ಚಿನ್ನ ಹೊದಿಸಿದರೆ ಗೊತ್ತಾಗುವುದಿಲ್ಲ. ಅಲ್ಲಿ ನೀರಿನ ಪರೀಕ್ಷೆ ಕೈಕೊಡುತ್ತದೆ. ಇನ್ನೊಂದು ಮಾತು. 1963ರಲ್ಲಿ ಚಿನ್ನ ನಿಯಂತ್ರಣ ನಿಯಮ ಬಂತು, 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡುವ ಹಾಗಿರಲಿಲ್ಲ. ನಮ್ಮಪ್ಪ ಕುಲುಮೆ ಆರಿಸಿದ್ದು ಆಗಲೇ. ಮುಂದೆ 1968ರ ಕಾಯ್ದೆಯಲ್ಲಿ ಒಡವೆ ಮಾಡದ ಗಟ್ಟಿ ಚಿನ್ನ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು, ಅದು ರದ್ದಾದದ್ದು 1990ರಲ್ಲಿ. ಆ ಕಾಲದಲ್ಲಿ ಎಷ್ಟೋ ಗಟ್ಟಿ ಕರಗಿ ಬಳೆ, ಸರ ಆಗಿದೆ. ಹಾಗಾಗಿ 'ಅಜ್ಜನ ಕಾಲದ ತೊಲ ಚಿನ್ನ' ಅಂತ ಯಾರಾದರೂ ಹರಾಜಿಗೆ ಇಟ್ಟರೆ ನಾನು ಎರಡು ಸಲ ನೋಡುತ್ತೇನೆ.

ಪವನಿನದ್ದೂ, ಅಂದರೆ ಬ್ರಿಟಿಷರ ಸಾವರಿನ್ ಚಿನ್ನದ ನಾಣ್ಯದ್ದೂ ಇದೇ ಕಥೆ. ಅಸಲಿ ಪವನು 7.99 ಗ್ರಾಂ, 22 ಕ್ಯಾರೆಟ್. ಊರಿನ ಅಚ್ಚಿನಲ್ಲಿ ರಾಜನ ತಲೆ ಒತ್ತಿದ ಪವನುಗಳನ್ನು ಬ್ಯಾಂಕಿನಲ್ಲಿ ಎಷ್ಟೋ ನೋಡಿದ್ದೇನೆ. ಕೆಲವದರಲ್ಲಿ ಚಿನ್ನ ಚೆನ್ನಾಗಿಯೇ ಇರುತ್ತಿತ್ತು. ಆದರೆ ಅದಕ್ಕೆ ಚಿನ್ನದ ಬೆಲೆ ಕೊಡಬೇಕು, ಹಳೆ ನಾಣ್ಯದ ಬೆಲೆ ಅಲ್ಲ.

ಹರಾಜು ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಖಾಸಗಿ ಬಿಲ್ಲೆಯನ್ನು ಖಾಸಗಿ ಬಿಲ್ಲೆ ಅಂತಲೇ ಬರೆಯಿರಿ. ತೂಕದ ಜೊತೆ ಅಗಲ, ದಪ್ಪ ಮತ್ತು ನೀರಿನ ಪರೀಕ್ಷೆಯ ಲೆಕ್ಕವನ್ನೂ ಹಾಕಿ. ಒಂದು ಬಿಲ್ಲೆಗೆ ಐದು ನಿಮಿಷದ ಕೆಲಸ. ಹರಾಜಿನ ಹಿಂದಿನ ದಿನ ನೋಡಲು ಬಂದವರಿಗೆ ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ತೆಗೆದು ತೂಗಲು ಬಿಡಿ. ಮುಂದಿನ ಹರಾಜಿಗೆ ನಾನೇ ಬೆಂಗಳೂರಿಗೆ ಬರುತ್ತಿದ್ದೇನೆ. ತಕ್ಕಡಿ, ದಾರ, ಅಪ್ಪನ ಬಿಲ್ಲೆ ಮೂರೂ ನನ್ನ ಚೀಲದಲ್ಲಿರುತ್ತವೆ. ಒಂದು ಲೋಟ ನೀರು ಕೊಟ್ಟರೆ ಸಾಕು.

— ನಿವೃತ್ತ ಚಿನ್ನ ಪರೀಕ್ಷಕ, ಸಾಗರ