ತುಟಿಯ ಬಣ್ಣಕ್ಕೂ ಪಾಠಕ್ಕೂ ಏನು ಸಂಬಂಧ?

ಮಾನ್ಯ ಸಂಪಾದಕರೇ,

ದಕ್ಷಿಣ ಕೊಡಗಿನ ಖಾಸಗಿ ಶಾಲೆಯೊಂದರಲ್ಲಿ 14 ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ಕಳೆದ ತಿಂಗಳ ಪೋಷಕರ ಸಭೆಯಲ್ಲಿ ಹಿರಿಯರೊಬ್ಬರು "ಪಾಠ ಹೇಳುವ ಹೆಂಗಸರಿಗೆ ತುಟಿಗೆ ಬಣ್ಣ ಯಾಕೆ?" ಎಂದು ಕೇಳಿದರು. ಮರುವಾರವೇ ಶಿಕ್ಷಕಿಯರು ಮೇಕಪ್ ಮಾಡಿಕೊಂಡು ಬರಬಾರದೆಂದು ಆಡಳಿತ ಮಂಡಳಿಯಿಂದ ಬಾಯಿಮಾತಿನ ಸೂಚನೆ ಬಂತು.

ಎರಡನೆಯ ಬಸಿರಿನಲ್ಲಿ ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಿತು. ಹಾರ್ಮೋನುಗಳ ಏರುಪೇರಿನಿಂದ ಮೂಡುವ, ಬಿಸಿಲು ತಗುಲಿದಷ್ಟೂ ಗಾಢವಾಗುವ ಈ ಕಲೆ ಯಾರಿಗೂ ಅಂಟುವಂಥದ್ದಲ್ಲ, ಆದರೂ ಬಸ್ಸಿನಲ್ಲಿ, ಸಂತೆಯಲ್ಲಿ, ಮದುವೆ ಮನೆಯಲ್ಲಿ "ಮುಖಕ್ಕೇನಾಯಿತು?" ಎಂಬ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಬೇಸತ್ತು, ಕಡೆಗೆ ತರಗತಿಯಲ್ಲೂ ಮಕ್ಕಳ ಕಡೆ ತಿರುಗದೆ ಕರಿಹಲಗೆಗೇ ಪಾಠ ಹೇಳಿದ ದಿನಗಳಿವೆ. ಒಂದಿಷ್ಟು ಕನ್ಸೀಲರ್, ಪೌಡರು, ಕಣ್ಣಿಗೆ ಕಾಡಿಗೆ, ತೆಳುವಾಗಿ ಲಿಪ್‌ಸ್ಟಿಕ್ ಹಚ್ಚಿಕೊಳ್ಳತೊಡಗಿದ ಮೇಲೆ ನಾನು ಮತ್ತೆ ಮಕ್ಕಳ ಮುಖ ನೋಡಿ ಮಾತನಾಡಿದೆ. ಕಲೆ ಮುಚ್ಚಲೆಂದು ಶುರುವಾದದ್ದು ಈಗ ಇಷ್ಟವೇ ಆಗಿದೆ. ಜುಲೈ ತಿಂಗಳ ಮಂಕು ಬೆಳಗಿನಲ್ಲಿ ಕಡುಗೆಂಪು ಹಚ್ಚಿಕೊಂಡು ಹೊರಟರೆ ಮನಸ್ಸು ಗೆಲುವಾಗುತ್ತದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸಭೆಯಲ್ಲಿ ಸಂಸ್ಕೃತಿಯ ಮಾತೂ ಬಂದಿತ್ತು. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೂ ತೋಕ್‌ಪೂ ಎಂಬ ಹೂವನ್ನು ಮುಡಿಸುವ ನಾಡು ನಮ್ಮದು. ಕೊಡವ ಗಂಡಸರ ಉಡುಗೆಯಾದ ಕುಪ್ಯಚೇಲೆ ತೊಟ್ಟು, ಪೀಚೆಕತ್ತಿಯನ್ನು ಫಳಫಳ ಹೊಳೆಯಿಸಿ, ಮೀಸೆ ತಿರುವಿ ಹೊರಡುವ ಗಂಡಸರನ್ನು ಕಂಡರೆ ನನಗೂ ಹೆಮ್ಮೆಯೇ. ಅವರನ್ನು ಯಾಕಿಷ್ಟು ಅಲಂಕಾರವೆಂದು ಯಾರೂ ಕೇಳಿದ್ದಿಲ್ಲ. ಹರಳೆಣ್ಣೆ ದೀಪದ ಮಸಿ ಹಿಡಿದು ಕಾಡಿಗೆ ಮಾಡಿ ನಮ್ಮ ಕಣ್ಣಿಗೆ ತೀಡುತ್ತಿದ್ದ ಅಜ್ಜಿಗೂ ಅದು ಸಂಸ್ಕೃತಿಗೆ ವಿರುದ್ಧ ಎನಿಸಿರಲಿಲ್ಲ.

ಆದರೆ ಅಲಂಕಾರದ ಇಷ್ಟವನ್ನು ಬೆಳ್ಳಗಾಗುವ ಹಂಬಲದೊಂದಿಗೆ ಬೆರೆಸಬಾರದು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ಕಿತ್ತುಹಾಕಿತು, ನಮ್ಮ ಹೆಣ್ಣು ನೋಡುವ ಶಾಸ್ತ್ರದಿಂದ ಅದಿನ್ನೂ ಹೋಗಿಲ್ಲ. ಬಂಗು ಬಂದ ಹೊಸದರಲ್ಲಿ ಯಾರದೋ ಮಾತು ಕೇಳಿ ಅಂಗಡಿಯೊಂದರಿಂದ ಚೀಟಿಯಿಲ್ಲದೆ ತಂದ ಮುಲಾಮನ್ನು ನಾನೂ ಹಚ್ಚಿದ್ದೆ. ಎರಡು ವಾರ ಮುಖ ತಿಳಿಯಾಯಿತು, ಆಮೇಲೆ ಚರ್ಮ ತೆಳುವಾಗಿ ಉರಿಯತೊಡಗಿತು. ಅದರಲ್ಲಿ ಸ್ಟಿರಾಯ್ಡ್ ಇದೆಯೆಂದು ಚರ್ಮವೈದ್ಯರು ನೋಡಿ ಹೇಳಿದರು. ಅಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ನಿಯಮ 2018ರಿಂದಲೇ ಇದೆ. ಪೋಷಕರ ಸಭೆಗಳಲ್ಲಿ ಚರ್ಚೆ ಆಗಬೇಕಾದರೆ ಇದರ ಬಗ್ಗೆ ಆಗಲಿ, ಏಕೆಂದರೆ ಇದನ್ನು ಕದ್ದು ಹಚ್ಚುತ್ತಿರುವವರು ನಮ್ಮ ಹೈಸ್ಕೂಲು ಹುಡುಗಿಯರು.

ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟೇ. ಸೂಚನೆಯನ್ನು ಕಾರಣಸಹಿತ ಬರಹದಲ್ಲಿ ಕೊಡಲಿ. ಗಂಡು ಮೇಷ್ಟ್ರುಗಳು ತಲೆಗೆ ಹಚ್ಚುವ ಡೈಗೂ ಅದು ಅನ್ವಯಿಸುತ್ತದೆಯೇ ಎಂಬುದನ್ನು ಅದರಲ್ಲೇ ತಿಳಿಸಲಿ.

– ಓರ್ವ ಶಿಕ್ಷಕಿ, ದಕ್ಷಿಣ ಕೊಡಗು